ಹಸಿರು ನಂಬರ್ ಪ್ಲೇಟುಗಳ ಎದುರು ಒಬ್ಬ ಕೃಷಿ ಸಚಿವ

2023ರ ಡಿಸೆಂಬರ್ 18, ಸೋಮವಾರ. ಬರ್ಲಿನ್ನಿನ ಬ್ರಾಂಡೆನ್‌ಬುರ್ಗ್ ದ್ವಾರದ ಬಳಿ ರಸ್ತೆ ತುಂಬ ಟ್ರ್ಯಾಕ್ಟರುಗಳು. ಜರ್ಮನಿಯಲ್ಲಿ ಸಾಮಾನ್ಯ ವಾಹನಗಳ ನಂಬರ್ ಪ್ಲೇಟಿನ ಅಕ್ಷರ ಕಪ್ಪು, ಇವುಗಳದ್ದು ಹಸಿರು. ಹಸಿರು ಅಕ್ಷರ ಇದ್ದರೆ ವಾಹನ ತೆರಿಗೆ ಇಲ್ಲ. ಆ ವಿನಾಯಿತಿಯನ್ನೂ ಕೃಷಿ ಡೀಸೆಲ್ ರಿಯಾಯಿತಿಯನ್ನೂ ಒಂದೇ ಏಟಿಗೆ ಕಿತ್ತುಹಾಕಲು ಸರ್ಕಾರ ಹೊರಟಿತ್ತು. ವೇದಿಕೆ ಹತ್ತಿದ ಕೃಷಿ ಸಚಿವ ಜೆಮ್ ಓಜ್ಡೆಮಿರ್ ಬಾಯಿ ತೆರೆಯುವ ಮೊದಲೇ ಶಿಳ್ಳೆ, ಕೂಗಾಟ ಶುರುವಾಯಿತು.

ತಮಾಷೆಯೆಂದರೆ, ಆ ನಿರ್ಧಾರ ಅವರದ್ದಲ್ಲ. ನವೆಂಬರ್ 15ರಂದು ಸಾಂವಿಧಾನಿಕ ನ್ಯಾಯಾಲಯ ಸರ್ಕಾರದ 6,000 ಕೋಟಿ ಯೂರೋ ಸಾಲದ ಲೆಕ್ಕವನ್ನು ರದ್ದುಮಾಡಿತ್ತು. 2024ರ ಬಜೆಟ್‌ನಲ್ಲಿ 1,700 ಕೋಟಿ ಯೂರೋ ಕೊರತೆ ಬಿತ್ತು. ಅದನ್ನು ತುಂಬಿಸುವ ಕಡಿತದ ಪಟ್ಟಿಯನ್ನು ಚಾನ್ಸೆಲರ್ ಶೋಲ್ಜ್, ಆರ್ಥಿಕ ವ್ಯವಹಾರಗಳ ಸಚಿವ ಹಾಬೆಕ್, ಹಣಕಾಸು ಸಚಿವ ಲಿಂಡ್ನರ್ ಮೂವರೇ ಕೂತು ಅಂತಿಮಗೊಳಿಸಿದರು. ಹಾಬೆಕ್ ಅಂತೂ ಓಜ್ಡೆಮಿರ್ ಅವರದೇ ಗ್ರೀನ್ ಪಕ್ಷದವರು.

ಡೀಸೆಲ್ ರಿಯಾಯಿತಿ ನಡೆಯುವ ರೀತಿ ನೋಡಿದರೆ ಈ ಸಚಿವರ ಕೈಯಲ್ಲಿ ಎಷ್ಟು ಕಡಿಮೆ ಇತ್ತು ಅನ್ನುವುದು ತಿಳಿಯುತ್ತದೆ. ಪಂಪಿನಲ್ಲಿ ರೈತನಿಗೆ ಯಾವ ರಿಯಾಯಿತಿಯೂ ಇಲ್ಲ. ಲೀಟರಿಗೆ 47.04 ಸೆಂಟ್ ಇಂಧನ ತೆರಿಗೆ ಪೂರ್ತಿ ಕಟ್ಟಬೇಕು, ರಸೀದಿ ಇಟ್ಟುಕೊಳ್ಳಬೇಕು, ಮರುವರ್ಷ ಸೆಪ್ಟೆಂಬರ್ 30ರೊಳಗೆ ಸುಂಕ ಇಲಾಖೆಗೆ ಅರ್ಜಿ ಹಾಕಬೇಕು. ಆಗ ಲೀಟರಿಗೆ 21.48 ಸೆಂಟ್ ವಾಪಸ್. ವರ್ಷಕ್ಕೆ 10,000 ಲೀಟರ್ ಉರಿಸುವ ಜಮೀನಿಗೆ 2,148 ಯೂರೋ. ಸುಂಕ ಇಲಾಖೆ ಇರುವುದು ಹಣಕಾಸು ಸಚಿವರ ಕೆಳಗೆ. ಕೃಷಿ ಸಚಿವಾಲಯದ ಸಹಿ ಈ ಕಾಗದದಲ್ಲಿ ಎಲ್ಲೂ ಬರುವುದಿಲ್ಲ. ಬೈಗುಳ ಮಾತ್ರ ಬರುತ್ತದೆ.

ಬೈಗುಳ ಓಜ್ಡೆಮಿರ್ ಅವರಿಗೆ ಹೊಸದೇನಲ್ಲ. 1965ರಲ್ಲಿ ದಕ್ಷಿಣ ಜರ್ಮನಿಯ ಸ್ವೇಬಿಯಾ ಸೀಮೆಯ ಬಾಡ್ ಉರಾಖ್ ಊರಲ್ಲಿ ಹುಟ್ಟಿದವರು. ತಂದೆ ತಾಯಿ ಟರ್ಕಿಯಿಂದ ಕೂಲಿಗೆ ಬಂದವರು, ತಂದೆಯ ಕಡೆ ಸರ್ಕೇಸಿಯನ್ (ಕಾಕಸಸ್ ಸೀಮೆಯ ಒಂದು ಜನಾಂಗ) ಮೂಲ. ತಮ್ಮನ್ನು 'ಅನಟೋಲಿಯಾದ ಸ್ವೇಬಿಯನ್' ಎಂದು ಕರೆದುಕೊಳ್ಳುತ್ತಾರೆ. ಆಡುವುದು ಅದೇ ಸೀಮೆಯ ಜರ್ಮನ್. 1994ರಲ್ಲಿ ಸಂಸತ್ತಿಗೆ ಹೋದ ಮೊದಲ ಟರ್ಕಿ ಮೂಲದವರಲ್ಲಿ ಒಬ್ಬರು. 2002ರಲ್ಲಿ ಸರ್ಕಾರಿ ಪ್ರಯಾಣದಿಂದ ಸಿಕ್ಕ ವಿಮಾನದ ಬೋನಸ್ ಮೈಲುಗಳನ್ನು ಸ್ವಂತಕ್ಕೆ ಬಳಸಿದ್ದು, ಪ್ರಚಾರ ಸಲಹೆಗಾರರೊಬ್ಬರಿಂದ ಸಾಲ ಪಡೆದದ್ದು ಹೊರಬಂದು ಹಿಂದೆ ಸರಿಯಬೇಕಾಯಿತು. ಆಮೇಲೆ ಯುರೋಪಿಯನ್ ಸಂಸತ್ತು, ಹತ್ತು ವರ್ಷ ಪಕ್ಷದ ಸಹ ಅಧ್ಯಕ್ಷಗಿರಿ. 2021ರ ಡಿಸೆಂಬರಿನಲ್ಲಿ ನೇಮಕ ಪತ್ರ ಪಡೆಯಲು ರಾಷ್ಟ್ರಾಧ್ಯಕ್ಷರ ಭವನಕ್ಕೆ ಸೈಕಲ್ ತುಳಿದುಕೊಂಡೇ ಹೋದರು. ಹಂದಿ ಸಾಕುವವರ ಸಚಿವ, ಅದೂ ಸಸ್ಯಾಹಾರಿ!

ಆ ಹಂದಿ ಸಾಕಣೆಯಲ್ಲೇ ಅವರ ಸ್ವಂತ ಕೆಲಸ ಕಾಣುವುದು. 2023ರ ಕಾನೂನಿನಂತೆ ಹಸಿ ಹಂದಿಮಾಂಸದ ಪೊಟ್ಟಣದ ಮೇಲೆ ಪ್ರಾಣಿಯನ್ನು ಹೇಗೆ ಸಾಕಿದ್ದು ಎಂದು ಐದು ದರ್ಜೆಗಳಲ್ಲಿ ನಮೂದಿಸಬೇಕೆಂದಾಯಿತು: ಬರೀ ಕೊಟ್ಟಿಗೆ, ಹೆಚ್ಚು ಜಾಗದ ಕೊಟ್ಟಿಗೆ, ಹೊರಗಾಳಿ ಆಡುವ ಕೊಟ್ಟಿಗೆ, ಬಯಲು, ಸಾವಯವ. ಎರಡನೇ ದರ್ಜೆಗೆ ಕಾನೂನಿನ ಕನಿಷ್ಠಕ್ಕಿಂತ 12.5 ಶೇಕಡಾ ಜಾಗ ಹೆಚ್ಚು ಇದ್ದರೆ ಸಾಕು. ಮೊದಲ ಕರಡಿನಲ್ಲಿ 20 ಶೇಕಡಾ ಇತ್ತು, ಚೌಕಾಸಿಯಲ್ಲಿ ಇಳಿಯಿತು. ಕೊಟ್ಟಿಗೆ ಬದಲಿಸಲು ಆರಂಭಕ್ಕೆ ಸಿಕ್ಕಿದ್ದು 100 ಕೋಟಿ ಯೂರೋ. ತಜ್ಞರ ಸಮಿತಿಯ ಲೆಕ್ಕದಲ್ಲಿ ಬೇಕಾದದ್ದು ವರ್ಷವರ್ಷವೂ ಅದರ ಹಲವು ಪಟ್ಟು.

ಡಿಸೆಂಬರ್ 18ಕ್ಕೆ ಮರಳಿದರೆ, ಇಷ್ಟೊಂದು ಕಡಿತಕ್ಕೆ ತಮ್ಮ ಒಪ್ಪಿಗೆಯಿಲ್ಲ ಎಂದು ಓಜ್ಡೆಮಿರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಸ್ವಲ್ಪ ಫಲವೂ ಸಿಕ್ಕಿತು. 2024ರ ಜನವರಿ 4ರಂದು ಸರ್ಕಾರ ಅರ್ಧ ಹಿಂದೆ ಸರಿಯಿತು: ಹಸಿರು ಪ್ಲೇಟು ಉಳಿಯಿತು, ಡೀಸೆಲ್ ರಿಯಾಯಿತಿ ಹಂತಹಂತವಾಗಿ ಹೋಗುವುದೆಂದಾಯಿತು. 2024ರ ಮಾರ್ಚ್‌ನಿಂದ 12.888 ಸೆಂಟ್, 2025ರಲ್ಲಿ 6.444, ಆಮೇಲೆ ಸೊನ್ನೆ. ರೈತರು ಒಪ್ಪಲಿಲ್ಲ, ಜನವರಿ 15ರಂದು ಇನ್ನೂ ದೊಡ್ಡ ಜಾಥಾ ಬಂತು. ಆ ದಿನ ಕೂಗಾಟ ಕೇಳಿಸಿಕೊಳ್ಳುವ ಸರದಿ ಹಣಕಾಸು ಸಚಿವ ಲಿಂಡ್ನರ್ ಅವರದ್ದು.

ಸೊನ್ನೆಯ ವರ್ಷ ಬರಲೇ ಇಲ್ಲ. ಮುಂದಿನ ಸರ್ಕಾರ 2026ರ ಜನವರಿಯಿಂದ 21.48 ಸೆಂಟನ್ನು ಪೂರ್ತಿ ಮರಳಿ ತಂದಿತು. ಅರ್ಜಿ ಈಗಲೂ ಸುಂಕ ಇಲಾಖೆಗೇ.