ಈರುಳ್ಳಿ ಮೊಗ್ಗಿನಲ್ಲಿ ಕಯಾಸ್ಮ ಹುಡುಕುತ್ತಾ

ನವೆಂಬರ್ 9

ಮೊಳಕೆಯೊಡೆದ ಆರು ಈರುಳ್ಳಿ ಗಡ್ಡೆಗಳನ್ನು ಮಹಡಿಯ ಕುಂಡಗಳಲ್ಲಿ ನೆಟ್ಟೆ. ಇವು ಅಡುಗೆಗಲ್ಲ, ಹೂವಿಗೆ. ಬೇರಿನ ತುದಿಯ ಸ್ಲೈಡ್ ಕಳೆದ ತಿಂಗಳೇ ಕೈಗೆ ಹತ್ತಿತು. ವಂಶವಾಹಿಗಳನ್ನು ಹೊತ್ತ ಹದಿನಾರು ವರ್ಣತಂತುಗಳು (ಕ್ರೋಮೋಸೋಮ್) ಕೋಶದ ನಡುವೆ ಸಾಲುಗಟ್ಟಿ, ಉದ್ದಕ್ಕೆ ಸೀಳಿ, ಎರಡು ದಿಕ್ಕಿಗೆ ಸರಿಯುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ಆದರೆ ಬೇರು ಬೆಳೆಯುವಾಗಿನ ಕೋಶವಿಭಜನೆಯಾದ ಮೈಟಾಸಿಸ್‌ನಲ್ಲಿ ನಡೆಯುವುದು ನಕಲು ಮಾತ್ರ. ತಾಯಿಯ ತಂತು, ತಂದೆಯ ತಂತು ಒಂದೇ ಕೋಶದಲ್ಲಿದ್ದರೂ ತಮ್ಮ ಪಾಡಿಗೆ ತಾವಿರುತ್ತವೆ. ಅವು ಜೋಡಿಗೂಡಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದು ಪರಾಗ, ಅಂಡಗಳಿಗಾಗಿ ನಡೆಯುವ ಕೋಶವಿಭಜನೆಯಾದ ಮಿಯಾಸಿಸ್‌ನಲ್ಲಿ. ಅದನ್ನು ನೋಡಬೇಕಾದರೆ ಮೊಗ್ಗಿನ ಪರಾಗಕೋಶವನ್ನೇ ಬಿಡಿಸಬೇಕು. ಆ ಅದಲುಬದಲಿನ ಗುರುತಾದ ಕಯಾಸ್ಮವನ್ನು ಪಿಯುಸಿ ಪುಸ್ತಕದಲ್ಲಿ ಕೆಂಪು, ನೀಲಿ ಗೆರೆಗಳಲ್ಲಿ ನೋಡಿದ್ದೇನೆ. ಕಣ್ಣಾರೆ ನೋಡಬೇಕೆಂಬುದು ಅಂದಿನ ಆಸೆ.

ಜನವರಿ 4

ಮೂರು ಕುಂಡಗಳಲ್ಲಿ ಹೂದಂಡು ಬಂದಿದೆ. ಪೊರೆ ಬಿರಿಯುವ ಮುನ್ನವೇ ಒಂದು ಗೊಂಚಲನ್ನು ಕತ್ತರಿಸಿ, ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ರಾತ್ರಿಯಿಡೀ ಇಟ್ಟಿದ್ದೆ. ದೊಡ್ಡ ಮೊಗ್ಗುಗಳನ್ನು ಆರಿಸಿದ್ದು ತಪ್ಪಾಯಿತು: ಐದು ಸ್ಲೈಡ್‌ಗಳಲ್ಲೂ ಬಲಿತ ಪರಾಗ. ಪರಾಗಕೋಶ ಹಳದಿಗೆ ತಿರುಗಿದರೆ ಮಿಯಾಸಿಸ್ ಮುಗಿದಿರುತ್ತದೆ. ಇನ್ನೂ ಗಾಜಿನಂತೆ ತಿಳಿಯಾಗಿರುವುದನ್ನೇ ಹುಡುಕಬೇಕು.

ಜನವರಿ 11

ಹಂತ ಸಿಕ್ಕಿತು, ಬಣ್ಣ ಹಿಡಿಯಲಿಲ್ಲ. ವರ್ಣತಂತುಗಳೂ ಸುತ್ತಲಿನ ದ್ರವವೂ ಒಂದೇ ತಿಳಿಗುಲಾಬಿ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಬಹುಕಾಲ ಅಟೆಂಡರ್ ಆಗಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಸ್ಟೀಲ್ ಸೂಜಿ ಬಿಡಿ ಅಮ್ಮ, ತುಕ್ಕು ಹಿಡಿದ ಸೂಜಿಯಿಂದ ಬಿಡಿಸಿ" ಎಂದರು. ನಾನು ಬಳಸುವ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣಕ್ಕೆ ಸೂಜಿಯ ಕಬ್ಬಿಣ ಒಂದಿಷ್ಟು ಕರಗಿ ಸೇರಿದರೆ ಬಣ್ಣ ಗಾಢವಾಗುತ್ತದಂತೆ. ಹೊಲಿಗೆ ಡಬ್ಬಿಯ ತಳದಲ್ಲಿದ್ದ ಹಳೆಯ ದಬ್ಬಳವನ್ನು ತೆಗೆದಿಟ್ಟುಕೊಂಡೆ.

ಜನವರಿ 18

ಸಿಕ್ಕಿತು!

ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತೇನೆ. ಒಂದೇ ಪರಾಗಕೋಶ, ಒಂದು ಹನಿ ಬಣ್ಣ. ದಬ್ಬಳದ ತುದಿಯಿಂದ ಕುಟ್ಟುತ್ತಾ ಹೋದಂತೆ ಹನಿ ಕೆಂಪಿನಿಂದ ನೇರಳೆಗೆ ತಿರುಗಿತು. ಸಿಪ್ಪೆಯ ಚೂರುಗಳನ್ನೆಲ್ಲ ಹೆಕ್ಕಿ ತೆಗೆದು ಕವರ್ ಸ್ಲಿಪ್ ಇಳಿಸಿದೆ. ಸ್ಪಿರಿಟ್ ದೀಪದ ಮೇಲೆ ಮೂರು ಸಲ ಆಡಿಸಿ, ಫಿಲ್ಟರ್ ಕಾಗದದ ನಡುವೆ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿದೆ. ಸ್ವಲ್ಪ ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ.

ನಲವತ್ತರ ಮಸೂರದಲ್ಲಿ ಕಪ್ಪು ಚುಕ್ಕೆಗಳ ಗುಂಪು ಕಂಡಿತು. ಎಣ್ಣೆ ಹಾಕಿ ನೂರರ ಮಸೂರಕ್ಕೆ ಬಂದಾಗ ಎಂಟು ಜೋಡಿಗಳು ಬಿಡಿಬಿಡಿಯಾಗಿ ನಿಂತಿದ್ದವು. ಒಂದು ಗುಣಾಕಾರ ಚಿಹ್ನೆಯಂತಿತ್ತು. ಅದರ ತಂತುಗಳು ಒಂದೇ ಕಡೆ ಹೆಣೆದಿದ್ದವು. ಇನ್ನೊಂದು ಬಳೆಯಂತೆ, ಎರಡು ಕಡೆ ಹೆಣೆದು ನಡುವೆ ಬಯಲು. ಮತ್ತೊಂದರಲ್ಲಿ ಮೂರು ಹೆಣಿಗೆ. ಫೋಕಸ್ ತಿರುಗಿಸಿದರೆ ಒಂದು ತಂತು ಇನ್ನೊಂದರ ಮೇಲೆ ಹಾದುಹೋಗುವುದು ಕೂಡ ಕಾಣುತ್ತಿತ್ತು. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋದದ್ದು ಆಮೇಲೆ ಗೊತ್ತಾಯಿತು.

ಜನವರಿ 19

ನಿನ್ನೆ ಕಂಡದ್ದು ಅದಲುಬದಲಿನ ಗುರುತೇ ಎಂಬುದನ್ನು ನನ್ನ ಸ್ಲೈಡ್ ಒಂದೇ ಹೇಳಲಾರದು. ಬೆಲ್ಜಿಯಂನ ಯಾನ್ಸೆನ್ಸ್ 1909ರಲ್ಲಿ ಇಂಥ ಹೆಣಿಗೆಗಳನ್ನು ನೋಡಿ, ಇಲ್ಲಿ ತಂತುಗಳು ತುಂಡಾಗಿ ಪರಸ್ಪರ ಕೂಡಿಕೊಂಡಿವೆ ಎಂದು ತರ್ಕಿಸಿದರು. ಕಣ್ಣಿಗೆ ಕಾಣುವ ಪುರಾವೆಗೆ 1931ರವರೆಗೆ ಕಾಯಬೇಕಾಯಿತು. ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದ ಒಂಬತ್ತನೆಯ ವರ್ಣತಂತುವನ್ನು ಆರಿಸಿಕೊಂಡರು. ಅದರ ಒಂದು ತುದಿಯಲ್ಲಿ ಗುಬುಟು, ಇನ್ನೊಂದು ತುದಿಯಲ್ಲಿ ಬೇರೆ ವರ್ಣತಂತುವಿನಿಂದ ಬಂದ ತುಂಡು. ಕಾಳಿನ ಬಣ್ಣ ಮತ್ತು ಮೇಣದಂಥ ಗುಣ ಹೊಸದಾಗಿ ಬೆರೆತ ಸಸಿಗಳಲ್ಲಿ ಈ ಗುರುತುಗಳೂ ಹೊಸದಾಗಿ ಬೆರೆತಿದ್ದವು. ವಂಶವಾಹಿಯ ವಿನಿಮಯವೆಂದರೆ ವರ್ಣತಂತುವಿನ ತುಂಡುಗಳದೇ ವಿನಿಮಯ ಎಂದು ಅದು ತೋರಿಸಿತು.

ಹೊಸ ಬೆರಕೆಗಾಗಿ ಈ ಅದಲುಬದಲು ಎಂದಷ್ಟೇ ಓದಿದ್ದ ನನಗೆ ನಿನ್ನೆಯ ಜೋಡಿಗಳು ಇನ್ನೊಂದನ್ನು ಮನದಟ್ಟು ಮಾಡಿದವು. ಆ ಹಂತದಲ್ಲಿ ಜೋಡಿಯ ತಂತುಗಳು ಉಳಿದೆಡೆಯೆಲ್ಲ ದೂರ ಸರಿದಿರುತ್ತವೆ. ಹಿಡಿದಿರುವುದು ಆ ಹೆಣಿಗೆಯ, ಅಂದರೆ ಕಯಾಸ್ಮದ, ಗಂಟು ಮಾತ್ರ. ಎರಡು ಧ್ರುವಗಳಿಂದ ಎಳೆತ ಬಿದ್ದಾಗ ಗಂಟು ತಡೆದು ನಿಲ್ಲುವುದರಿಂದಲೇ ಜೋಡಿ ನಡುವೆ ನೆಟ್ಟಗೆ ನಿಲ್ಲುತ್ತದೆ. ಗಂಟಿಲ್ಲದಿದ್ದರೆ ಎರಡೂ ಒಂದೇ ಕಡೆ ಹೋಗಿಬಿಡಬಹುದು. ಮನುಷ್ಯರಲ್ಲಿ 21ನೆಯ ವರ್ಣತಂತು ಹೀಗೆ ಎಡವಿದರೆ ಮಗುವಿಗೆ ಡೌನ್ ಸಿಂಡ್ರೋಮ್ ಬರಬಹುದು. ಹೆಣ್ಣಿನ ಅಂಡಕೋಶಗಳಲ್ಲಿ ಈ ಗಂಟು ಬೀಳುವುದು ಅವಳು ಹುಟ್ಟುವ ಮೊದಲೇ. ನನ್ನ ಮಗಳು ಹುಟ್ಟಿದಾಗ ನನಗೆ ಮೂವತ್ತೊಂದು. ಅವಳಾದ ಅಂಡದ ಗಂಟುಗಳು ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ ಬಿದ್ದು, ಅಷ್ಟು ವರ್ಷವೂ ಬಿಗಿಯಾಗಿ ಹಿಡಿದಿದ್ದವು. ಇದನ್ನು ಯೋಚಿಸುತ್ತಾ ಇವತ್ತು ಬೇರೆ ಸ್ಲೈಡ್ ಮಾಡಲಿಲ್ಲ.

ಫೆಬ್ರವರಿ 1

ಗೇಟಿನ ಬಳಿಯ ರಿಯೋ ಗಿಡ: ಎಲೆಯ ಮೇಲೆ ಹಸಿರು, ಅಡಿಯಲ್ಲಿ ನೇರಳೆ, ದೋಣಿಯಂಥ ತೊಟ್ಟಿಲಿನಲ್ಲಿ ಪುಟ್ಟ ಬಿಳಿ ಹೂ. ಅದರ ಮೊಗ್ಗಿನ ಸ್ಲೈಡ್ ಮಾಡಿದೆ. ಬಿ.ಎಸ್ಸಿ. ಓದುವ ಪಕ್ಕದ ಮನೆಯ ಹುಡುಗಿ ರೆಕಾರ್ಡ್ ಪುಸ್ತಕ ಹಿಡಿದು ಬಂದಿದ್ದಳು. ಬಹಳ ಹೊತ್ತು ನೋಡಿ, "ಆಂಟಿ, ಹನ್ನೆರಡು ಇವೆ. ಆರು ಜೋಡಿ ಎಲ್ಲಿ?" ಎಂದು ಕೇಳಿದಳು.

ಜೋಡಿಗಳೇ ಇರಲಿಲ್ಲ. ಹನ್ನೆರಡೂ ತುದಿಗೆ ತುದಿ ಸೇರಿ ಒಂದೇ ಉಂಗುರವಾಗಿದ್ದವು. ಈ ಗಿಡದ ವಂಶದಲ್ಲಿ ಹಿಂದೆಂದೋ ವರ್ಣತಂತುಗಳ ತೋಳುಗಳು ಸ್ಥಾನ ಬದಲಿಸಿಕೊಂಡಿವೆ. ಆದ್ದರಿಂದ ಪ್ರತಿಯೊಂದರ ಒಂದು ತೋಳಿಗೆ ಎಡದವನು ಜೊತೆಗಾರ, ಇನ್ನೊಂದಕ್ಕೆ ಬಲದವನು. ಗಂಟುಗಳೆಲ್ಲ ತುದಿಯಲ್ಲಿ. ಒಂದು ಬಿಟ್ಟು ಒಂದರಂತೆ ಆರು ಮೇಲಕ್ಕೆ, ಆರು ಕೆಳಕ್ಕೆ ಹೋದರೆ ಪರಾಗಕ್ಕೆ ಪೂರ್ಣ ಸೆಟ್ ಸಿಗುತ್ತದೆ. ಪಕ್ಕಪಕ್ಕದವು ಒಂದೇ ಕಡೆ ಹೋದರೆ ಕೆಲವು ಭಾಗ ಎರಡೆರಡು, ಕೆಲವು ಭಾಗ ಇಲ್ಲವೇ ಇಲ್ಲ. ಎಣಿಸಲು ಸಾಧ್ಯವಾದ ಒಂಬತ್ತು ಕೋಶಗಳ ಪೈಕಿ ಮೂರರಲ್ಲಿ ಉಂಗುರ ಮುಚ್ಚಿತ್ತು. ಉಳಿದವುಗಳಲ್ಲಿ ಎಲ್ಲೋ ಒಂದು ಕೊಂಡಿ ಬಿಟ್ಟು ಸರಪಳಿಯಾಗಿತ್ತು. ಹುಡುಗಿ ಮೂರು ಚಿತ್ರ ಬರೆದುಕೊಂಡಳು. ಅವಳ ಗೆರೆ ನನ್ನದಕ್ಕಿಂತ ಚೆನ್ನಾಗಿದೆ.

ಫೆಬ್ರವರಿ 8

ಅದೇ ಗಿಡದ ಅರಳಿದ ಹೂವಿನ ಪರಾಗವನ್ನು ಅದೇ ಬಣ್ಣದಲ್ಲಿ ನೋಡಿದೆ. ತುಂಬಿದ ಕಣಗಳು ಕೆಂಪಾಗಿ, ದುಂಡಗೆ ಕುಳಿತಿವೆ. ಅವುಗಳ ನಡುವೆಯೇ ಜೊಳ್ಳು ಕಾಳಿನಂತೆ ಮುರುಟಿದ, ಬಣ್ಣ ಹಿಡಿಯದ ಕಣಗಳೂ ಬಹಳ. ಪೂರ್ಣ ಸೆಟ್ ಸಿಗದವು ಇವೇ ಇರಬೇಕು. ಈರುಳ್ಳಿಯ ಒಂದು ಗೊಂಚಲು ಇನ್ನೂ ಉಳಿದಿದೆ. ಅದರ ಪರಾಗವನ್ನೂ ಪಕ್ಕದಲ್ಲಿಟ್ಟು ಎಣಿಸಬೇಕು.