ಐದು ನಿಮಿಷ ಅಂದ್ರೆ ಎಷ್ಟು ದೂರ?

ನಗರ ಯೋಜನೆ ಮಾಡುವವರ ಹಳೇ ಲೆಕ್ಕ ಒಂದಿದೆ: 400 ಮೀಟರ್ ಅಂದ್ರೆ ಐದು ನಿಮಿಷದ ನಡಿಗೆ. 1929ರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರ್ರಿ ಶಾಲೆಯನ್ನು ನಡುವಿಗಿಟ್ಟು, ದೊಡ್ಡ ರಸ್ತೆಗಳನ್ನು ಅಂಚಿಗೆ ತಳ್ಳಿ ಬಡಾವಣೆ ಕಟ್ಟಬೇಕು ಅಂದಾಗಲೂ ಆಸೆ ಅದೇ, ಮಕ್ಕಳು ನಡೆದೇ ಶಾಲೆಗೆ ಹೋಗಲಿ ಅಂತ. ಆದರೆ ಮಂಡಿನೋವಿರುವ ಅಮ್ಮನ ಜೊತೆ ನಡೆದಾಗ ನನಗೆ ಗೊತ್ತಾಗಿದ್ದು, ಎಲ್ಲಾ 400 ಮೀಟರೂ ಒಂದೇ ಅಲ್ಲ. ನೆರಳಿಲ್ಲ, ಕೂರೋಕೆ ಬೆಂಚಿಲ್ಲ, ಪಕ್ಕದಲ್ಲಿ ಬಾಗಿಲು ಕಿಟಕಿ ಏನೂ ಇಲ್ಲದ ಕಾಂಪೌಂಡ್ ಗೋಡೆ ಉದ್ದಕ್ಕೂ ಬರುತ್ತಲೇ ಇದ್ದರೆ ಅದು ಮುಗಿಯೋದೇ ಇಲ್ಲ.

ನನಗೆ ಜಾಸ್ತಿ ಸಿಟ್ಟಿರೋದು ರಸ್ತೆ ಮೂಲೆಗಳ ಮೇಲೆ. ಮೂಲೆಯನ್ನು ಅಗಲವಾಗಿ ದುಂಡಗೆ ಮಾಡಿದರೆ ಕಾರು ವೇಗ ತಗ್ಗಿಸದೆ ತಿರುಗುತ್ತೆ, ದಾಟುವವರಿಗೆ ದೂರವೂ ಹೆಚ್ಚಾಗುತ್ತೆ. ಅದೇ ಮೂಲೆಯನ್ನು ಬಿಗಿ ಮಾಡಿ, ಫುಟ್‌ಪಾತನ್ನು ಎರಡು ಹೆಜ್ಜೆ ಮುಂದಕ್ಕೆ ಚಾಚಿ ನೋಡಿ. ಡ್ರೈವರ್ ತಾನಾಗಿಯೇ ಬ್ರೇಕ್ ಒತ್ತುತ್ತಾನೆ. ಇದು ಸಣ್ಣ ವಿಷಯ ಅಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರಿನ ಹೊಡೆತದ ಶಕ್ತಿ 30ರಲ್ಲಿ ಹೋಗುವ ಕಾರಿನ ಎರಡೂವರೆ ಪಟ್ಟಿಗಿಂತ ಜಾಸ್ತಿ. ಸುಮ್ನೆ 'ನಿಧಾನವಾಗಿ ಚಲಿಸಿ' ಅಂತ ಬೋರ್ಡ್ ಹಾಕಿದ್ರೆ ಯಾರು ನೋಡ್ತಾರೆ, ಅಲ್ವಾ?

ಸ್ಪೇನಿನ ಪೊಂಟೆವೆದ್ರಾ ಊರು 1999ರಲ್ಲಿ ನಡುಭಾಗದಿಂದ ಕಾರುಗಳನ್ನು ಹೊರಗಿಡೋಕೆ ಶುರು ಮಾಡಿತು. ಆಮೇಲೆ ಮೆಟ್ರೋ ನಕ್ಷೆಯಂಥದ್ದೇ ಒಂದು ನಡಿಗೆ ನಕ್ಷೆ ಮಾಡಿತು. ಊರಲ್ಲಿ ಮೆಟ್ರೋನೇ ಇಲ್ಲ ಅನ್ನೋದು ಬೇರೆ ಮಾತು! ಬಣ್ಣದ ಗೆರೆಗಳು, ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯೋಕೆ ಎಷ್ಟು ನಿಮಿಷ, ಅಷ್ಟೇ. ಅಮ್ಮ ಆದರೆ ಬೆಂಚು ಎಲ್ಲಿದೆ ಅಂತಾನೂ ಗುರುತು ಹಾಕಿಸ್ತಿದ್ದಳು.