ನಮ್ಮ ಚಿಪ್ ಹಿಡಿದದ್ದು ಕ್ಯಾನ್ಸರನ್ನಲ್ಲ, ಫ್ರೀಜರನ್ನು

ಆ ಗ್ರಾಫ್ ಈಗಲೂ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿದೆ. ಕೆಳಗಡೆ ಆರೋಗ್ಯವಂತರ ಚುಕ್ಕಿಗಳು, ಮೇಲ್ಗಡೆ ರೋಗಿಗಳ ಚುಕ್ಕಿಗಳು, ನಡುವೆ ಲಾರಿ ಹೋಗುವಷ್ಟು ಜಾಗ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ಎಂಬ ಪ್ರೋಟೀನನ್ನು ಅಳೆಯುವ ಚಿಪ್ ಮೇಲೆ ಕೆಲಸ ಶುರುಮಾಡಿ ಆಗ ನನಗೆ ಹದಿನಾಲ್ಕು ತಿಂಗಳು. ಅವತ್ತು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಅದಾದ ಮೇಲೆ ಮೂರು ವಾರ ಬೇರೆ ಕಾರಣಕ್ಕೆ ಬರಲಿಲ್ಲ.

ಈ ಕೆಲಸ ಅಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಶುಗರ್ ನೋಡಿಕೊಳ್ಳೋ ಹಾಗೆ ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ನೋಡಿಕೊಳ್ಳೋಕೆ ಯಾಕಾಗಲ್ಲ? ಕ್ಲಾರ್ಕ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು 1962ರಲ್ಲೇ ಗ್ಲೂಕೋಸ್ ಅಳೆಯುವ ಎಲೆಕ್ಟ್ರೋಡಿನ ದಾರಿ ತೋರಿಸಿದ್ದರು, ಇಷ್ಟು ವರ್ಷ ನೀವೆಲ್ಲ ಏನು ಮಾಡುತ್ತಿದ್ದೀರಿ ಎಂಬ ದನಿ ಅದರಲ್ಲಿರುತ್ತದೆ. ಲೆಕ್ಕ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ. ವೈದ್ಯರು ಹಿಂದಿನಿಂದ ಗಡಿ ಎಂದು ನೋಡುತ್ತಾ ಬಂದ ಪಿಎಸ್‌ಎ ಅಷ್ಟೇ ರಕ್ತದಲ್ಲಿ 4 ನ್ಯಾನೋಗ್ರಾಂ, ಅಂದರೆ ಗ್ಲೂಕೋಸಿಗಿಂತ ಎರಡೂವರೆ ಲಕ್ಷ ಪಟ್ಟು ಕಡಿಮೆ. ಅದು ಸಾಲದು ಎಂಬಂತೆ ಸೀರಂನಲ್ಲಿ, ಅಂದರೆ ರಕ್ತ ಗರಣೆಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನ್ ಮಿಲಿಲೀಟರಿಗೆ 40 ಮಿಲಿಗ್ರಾಂನಷ್ಟು ತುಂಬಿಕೊಂಡಿರುತ್ತದೆ. ತೂಕದಲ್ಲಿ ಒಂದಕ್ಕೆ ಒಂದು ಕೋಟಿ. ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಹುಡುಕಬಹುದು, ಅದಕ್ಕೆ ಅಂಗಿಯ ಬಣ್ಣವಾದರೂ ಗೊತ್ತಿರುತ್ತದೆ.

ನಮ್ಮ ಚಿಪ್ಪಿನಲ್ಲಿ ಆ ಅಂಗಿಯ ಬಣ್ಣ ಗುರುತಿಸುವುದು ಆಂಟಿಬಾಡಿ, ಅಂದರೆ ತನಗೆ ಹೊಂದುವ ಅಣುವನ್ನೇ ಹುಡುಕಿ ಹಿಡಿಯುವ ಪ್ರೋಟೀನ್. ಚಿನ್ನದ ತೆಳು ಪದರ, ಅದಕ್ಕೆ ಗಂಧಕದ ತುದಿಯಿಂದ ಅಂಟಿಕೊಂಡ ಅಣುಗಳ ಸಾಲು, ಅದರ ಮೇಲೆ ಪಿಎಸ್‌ಎ ಹಿಡಿಯುವ ಆಂಟಿಬಾಡಿ. ಪಿಎಸ್‌ಎ ಬಂದು ಕೂತರೆ ಎಲೆಕ್ಟ್ರೋಡಿನಲ್ಲಿ ವಿದ್ಯುತ್ತಿನ ಓಡಾಟಕ್ಕೆ ಅಡ್ಡಿಯಾಗುತ್ತದೆ, ಆ ಅಡ್ಡಿಯನ್ನು ಅಳೆಯುತ್ತೇವೆ. ಬಫರ್ ಎಂಬ ಶುದ್ಧ ಉಪ್ಪಿನ ದ್ರಾವಣದಲ್ಲಿ ಇದು ಹೇಳಿದ ಹಾಗೆ ಕೇಳುತ್ತದೆ. ಸೀರಂ ಹಾಕಿದ ಕೂಡಲೇ ಚಿನ್ನ ಎಂಬುದು ಊರಿನ ಕಟ್ಟೆ, ಯಾರು ಬೇಕಾದರೂ ಬಂದು ಕೂರುತ್ತಾರೆ. ಯಾರು ಕೂತರೂ ಅಡ್ಡಿಯೇ. ಮೀಟರಿಗೆ ಮುಖ ಕಾಣುವುದಿಲ್ಲ.

(ಪಕ್ಕದ ಬೆಂಚಿನವರದು ಬಂದು ಕೂತ ಅಣುವಿನ ವಿದ್ಯುದಾವೇಶವನ್ನು ಗ್ರಹಿಸುವ ಟ್ರಾನ್ಸಿಸ್ಟರ್ ಚಿಪ್, 1970ರಲ್ಲಿ ಬರ್ಗ್‌ವೆಲ್ಡ್ ಎಂಬ ವಿಜ್ಞಾನಿ ತೋರಿಸಿದ ಅಯಾನು ಸಂವೇದಿ ಟ್ರಾನ್ಸಿಸ್ಟರಿನ ವಂಶ. ಅವರ ಗೋಳು ಇನ್ನೊಂದು ಥರ. ರಕ್ತದಷ್ಟು ಉಪ್ಪಿರುವ ದ್ರಾವಣದಲ್ಲಿ ವಿದ್ಯುದಾವೇಶದ ಪ್ರಭಾವ ಒಂದು ನ್ಯಾನೋಮೀಟರಿನಷ್ಟು ದೂರವೂ ಹೋಗುವುದಿಲ್ಲ. ಆಂಟಿಬಾಡಿಯೇ ಹತ್ತು ನ್ಯಾನೋಮೀಟರ್ ಎತ್ತರ. ಹಿಡಿದದ್ದು ಅದರ ತುದಿಯಲ್ಲಿದ್ದರೆ ಟ್ರಾನ್ಸಿಸ್ಟರಿಗೆ ಸುದ್ದಿಯೇ ಮುಟ್ಟುವುದಿಲ್ಲ.)

ಸರಿ, ನನ್ನ ಗ್ರಾಫಿಗೆ ಬರೋಣ. ಮರುದಿನ ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಮೇಡಂ ಬಂದು ಕನ್ನಡಕ ಮೇಲೆ ಮಾಡಿ ನೋಡಿದರು. ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ, "ಚೆನ್ನಾಗಿದೆ ಕಣಪ್ಪಾ. ಮೇಲಿನ ಚುಕ್ಕಿಗಳನ್ನ ಯಾವತ್ತು ಅಳೆದೆ, ಕೆಳಗಿನವನ್ನ ಯಾವತ್ತು?" ಎಂದರು.

ರೋಗಿಗಳ ಸೀರಂ ಸೋಮವಾರ, ಒಂದು ಬ್ಯಾಚ್ ಚಿಪ್ಪಿನಲ್ಲಿ. ಆರೋಗ್ಯವಂತರದು ಬುಧವಾರ, ಇನ್ನೊಂದು ಬ್ಯಾಚಿನಲ್ಲಿ. ಗೊಂದಲವಾಗಬಾರದು ಎಂದು ನಾನೇ ಶಿಸ್ತಾಗಿ ಹಾಗೆ ಜೋಡಿಸಿಕೊಂಡಿದ್ದೆ. ಆ ಶಿಸ್ತೇ ಮುಳುವಾಯಿತು.

ಕೇಳಿದ ಮೇಲೆ ಒಂದೊಂದೇ ಹೊರಬಿತ್ತು. ರೋಗಿಗಳ ಸೀರಂ ಒಂದು ಆಸ್ಪತ್ರೆಯ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಮೂರು ವರ್ಷ ಇದ್ದದ್ದು, ಬೇರೆ ಅಧ್ಯಯನಗಳಿಗಾಗಿ ಎರಡು ಮೂರು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ್ದು. ಆರೋಗ್ಯವಂತರು ಎಂದರೆ ನಮ್ಮದೇ ಕಟ್ಟಡದ ಹುಡುಗರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಹಿಂದಿನ ವಾರ ರಕ್ತ ಕೊಟ್ಟವರು. ಅವರಿಗೆಲ್ಲ ಮೂವತ್ತರ ಆಸುಪಾಸು, ರೋಗಿಗಳಿಗೆ ಅರವತ್ತು ದಾಟಿತ್ತು. ಪಿಎಸ್‌ಎ ವಯಸ್ಸಾದಂತೆ ತಾನಾಗಿಯೇ ಏರುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಮೊದಲು ಎರಡೂ ಗುಂಪಿನ ಟ್ಯೂಬುಗಳ ಸರದಿ ಕಲೆಸಿ, ಅವುಗಳ ಮೇಲೆ ಬರೀ ಸಂಖ್ಯೆ ಬರೆಸಿ ಮತ್ತೆ ಅಳೆದೆ. ಲಾರಿ ಹೋಗುವ ಜಾಗದಲ್ಲಿ ಈಗ ಸೈಕಲ್ ಹೋಗಬಹುದಿತ್ತು. ಅಷ್ಟಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಾಗ ಮೇಡಂ ಇನ್ನೊಂದು ಕೆಲಸ ಹೇಳಿದರು: ಪಿಎಸ್‌ಎಗೆ ಸಂಬಂಧವೇ ಇಲ್ಲದ ಆಂಟಿಬಾಡಿ ಹಚ್ಚಿದ ಎಲೆಕ್ಟ್ರೋಡಿನಲ್ಲಿ ಅದೇ ಸೀರಂ ಅಳೆಯಬೇಕು. ಅಳೆದೆ. ಅಲ್ಲೂ ರೋಗಿಗಳ ಚುಕ್ಕಿ ಮೇಲೆ, ಆರೋಗ್ಯವಂತರದು ಕೆಳಗೆ. ಹೆಪ್ಪುಗಟ್ಟಿ ಕರಗಿದ ಸೀರಂನಲ್ಲಿ ಪ್ರೋಟೀನುಗಳು ಗಂಟುಕಟ್ಟುತ್ತವೆ, ಗಂಟುಗಳು ಸಿಕ್ಕಿದ ಮೇಲ್ಮೈಗೆ ಅಂಟುತ್ತವೆ. ನನ್ನ ಚಿಪ್ ಯಾವ ಟ್ಯೂಬು ಹಳೇ ಫ್ರೀಜರಿನಿಂದ ಬಂದದ್ದು ಎಂಬುದನ್ನು ಬಹಳ ನಿಖರವಾಗಿ ಹೇಳುತ್ತಿತ್ತು.

ಗೋಡೆಯ ಪ್ರಿಂಟ್ ನಾನೇ ಕಿತ್ತೆ. ನಮ್ಮ ತಂಡದ ಮುಖ್ಯಸ್ಥರು ಬೈಯಲಿಲ್ಲ, ಓದು ಎಂದು ಹಳೆಯ ಪ್ರಬಂಧಗಳನ್ನು ಕೊಟ್ಟರು. 2002ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸೀರಂನ ಪ್ರೋಟೀನ್ ವಿನ್ಯಾಸ ನೋಡಿಯೇ ಅಂಡಾಶಯದ ಕ್ಯಾನ್ಸರ್ ಗುರುತಿಸಿತ್ತು: 50 ರೋಗಿಗಳಲ್ಲಿ 50, ಕ್ಯಾನ್ಸರ್ ಇಲ್ಲದ 66 ಜನರಲ್ಲಿ 63 ಸರಿ. ಜಗತ್ತೇ ಚಪ್ಪಾಳೆ ತಟ್ಟಿತು. ಆಮೇಲೆ ಬ್ಯಾಗರ್ಲಿ, ಮಾರಿಸ್, ಕೂಂಬ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಆ ಗುಂಪು ಬಿಡುಗಡೆ ಮಾಡಿದ ದತ್ತಾಂಶ ಕೆದಕಿ, ಕಾಣುವ ವ್ಯತ್ಯಾಸ ರೋಗದ್ದೇ ಆಗಬೇಕಿಲ್ಲ, ಮಾದರಿಗಳನ್ನು ಅಳೆದ ರೀತಿಯಿಂದಲೂ ಬಂದಿರಬಹುದು ಎಂದು 2004ರಲ್ಲಿ ತೋರಿಸಿದರು. ಓದಿ ನನಗೆ ಸಮಾಧಾನವೇನೂ ಆಗಲಿಲ್ಲ. ನನಗಿಂತ ಎಷ್ಟೋ ಬುದ್ಧಿವಂತರು ಇದೇ ಗುಂಡಿಗೆ ಹತ್ತಿರ ಹೋಗಿದ್ದಾರೆ ಎಂದರೆ ಗುಂಡಿ ದೊಡ್ಡದು ಅಂತ ಅರ್ಥ.

ಹೊಸ ಮಾದರಿ ಸಂಗ್ರಹಕ್ಕೆ ಒಂದು ವರ್ಷ ಹಿಡಿಯಿತು. ಈ ಸಲ ಮೂತ್ರದ ತೊಂದರೆ ಅಂತ ಒಂದೇ ಚಿಕಿತ್ಸಾಲಯಕ್ಕೆ ಬಂದವರ ರಕ್ತ, ಯಾರಿಗೆ ಕ್ಯಾನ್ಸರ್ ಎಂದು ಗೊತ್ತಾಗುವ ಮೊದಲೇ ತೆಗೆದದ್ದು, ಒಂದೇ ಥರ ಇಟ್ಟದ್ದು. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ನನ್ನ ಕೈಯಲ್ಲಿರಲಿಲ್ಲ. ಬಂದ ಗ್ರಾಫ್ ನೋಡಲು ಕೆಟ್ಟದಾಗಿತ್ತು. ಚುಕ್ಕಿಗಳು ಒಂದರ ಮೇಲೊಂದು ಬಿದ್ದಿದ್ದವು. ಆದರೂ ಸಂಬಂಧವಿಲ್ಲದ ಆಂಟಿಬಾಡಿಯ ಎಲೆಕ್ಟ್ರೋಡ್ ಈ ಸಲ ಸುಮ್ಮನಿತ್ತು, ಚಿಪ್ ಕೊಟ್ಟ ಅಂಕಿ ಆಸ್ಪತ್ರೆಯ ಪ್ರಯೋಗಾಲಯದ ಅಂಕಿಯ ಪಕ್ಕ ಪಕ್ಕ ಬರುತ್ತಿತ್ತು. ಪಿಎಸ್‌ಎಯನ್ನು ನಿಜವಾಗಿ ಅಳೆಯುತ್ತಿದ್ದೆವು. ಚುಕ್ಕಿಗಳು ಬೆರೆತದ್ದು ಚಿಪ್ಪಿನ ತಪ್ಪಲ್ಲ: ಪ್ರಾಸ್ಟೇಟ್ ಗ್ರಂಥಿ ಸುಮ್ಮನೆ ದೊಡ್ಡದಾದರೂ, ಸೋಂಕಾದರೂ ಪಿಎಸ್‌ಎ ಏರುತ್ತದೆ.

ನಮ್ಮ ಯೋಜನೆಯ ಅರ್ಜಿಯಲ್ಲಿ "ಕ್ಯಾನ್ಸರ್ ಪತ್ತೆ ಮತ್ತು ತಡೆ" ಎಂದಿತ್ತು. "ತಡೆ" ಎಂಬ ಪದವನ್ನು ನಾನು ತೆಗೆಸಿದೆ, ಸ್ವಲ್ಪ ಜಗಳ ಮಾಡಿಯೇ ತೆಗೆಸಿದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಆ ಪದಕ್ಕೆ ಅರ್ಥವಿದೆ. ಅಲ್ಲಿ ಆ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಮಾಡಿ, ಕ್ಯಾನ್ಸರ್ ಆಗುವ ಮೊದಲಿನ ಬದಲಾವಣೆಯನ್ನೇ ತೆಗೆದುಹಾಕಬಹುದು. ಪಿಎಸ್‌ಎಯಂಥ ರಕ್ತದ ಗುರುತುಗಳಲ್ಲಿ ಬೇಗ ಕಂಡುಹಿಡಿದ ಮಾತ್ರಕ್ಕೆ ಜೀವ ಉಳಿಯಿತು ಎನ್ನಲಾಗದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಜನಕ್ಕೆ ಅಂಡಾಶಯ ಕ್ಯಾನ್ಸರಿನ ಸುಳಿವು ಕೊಡುವ ಸಿಎ-125 ಎಂಬ ಪ್ರೋಟೀನಿನ ರಕ್ತಪರೀಕ್ಷೆ ಅಥವಾ ಸ್ಕ್ಯಾನ್ ನಡೆಸಿ, ವರ್ಷಗಟ್ಟಲೆ ಕಾದು, 2021ರಲ್ಲಿ ಬಂದ ಫಲಿತಾಂಶ: ಅಂಡಾಶಯ ಕ್ಯಾನ್ಸರಿನ ಸಾವು ಕಡಿಮೆಯಾಗಿರಲಿಲ್ಲ. ಇನ್ನು ಸುಳ್ಳು ಎಚ್ಚರಿಕೆಯ ಲೆಕ್ಕ. ಹತ್ತು ಸಾವಿರ ಜನರಲ್ಲಿ 10 ಮಂದಿಗೆ ಕಾಯಿಲೆ ಇದೆ ಅನ್ನಿ. ಚಿಪ್ ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 95 ಸರಿ. ಆ ಹತ್ತರಲ್ಲಿ ಒಂಬತ್ತೋ ಹತ್ತೋ ಸಿಗುತ್ತಾರೆ, ಜೊತೆಗೆ ಏನೂ ಇಲ್ಲದ ಐನೂರು ಜನ ಬಯಾಪ್ಸಿಯ, ಅಂದರೆ ದೇಹದ ಚೂರು ತೆಗೆದು ನೋಡುವ ಪರೀಕ್ಷೆಯ, ಭಯದಲ್ಲಿ ಸಾಲು ನಿಲ್ಲುತ್ತಾರೆ. ಸಭೆಯಲ್ಲಿ ಈ ಲೆಕ್ಕ ಹೇಳಿದಾಗ ಯಾರೋ "ಸರ್, ಹೀಗಾದರೆ ದುಡ್ಡು ಯಾರು ಕೊಡ್ತಾರೆ?" ಎಂದರು. ನ್ಯಾಯವಾದ ಪ್ರಶ್ನೆ, ನನ್ನ ಹತ್ತಿರ ಉತ್ತರವಿರಲಿಲ್ಲ.

ಈಗ ಲ್ಯಾಬಿಗೆ ಹೊಸಬರು ಬಂದರೆ ಆ ಹಳೇ ಗ್ರಾಫ್ ತೋರಿಸಿ, ಎಲ್ಲಿ ತಪ್ಪಿದೆ ಹುಡುಕಿ ಎನ್ನುತ್ತೇನೆ. ಹೆಚ್ಚಿನವರು ಆಂಟಿಬಾಡಿ ಎಷ್ಟು ಹಚ್ಚಿದ್ದಿರಿ ಎಂದು ಶುರುಮಾಡುತ್ತಾರೆ. ದಿನ, ಬ್ಯಾಚ್, ಫ್ರೀಜರ್, ವಯಸ್ಸು, ಇಷ್ಟಕ್ಕೆ ಬರಲು ಅರ್ಧ ಗಂಟೆ ಬೇಕು. ಹೋದ ತಿಂಗಳು ಬಂದ ಹುಡುಗಿ ಮಾತ್ರ ಮೊದಲೇ ಕೇಳಿದಳು: "ಸರ್, ಎರಡೂ ಕಡೆಯ ರಕ್ತ ಒಂದೇ ಥರದ ಟ್ಯೂಬಲ್ಲಿ ತೆಗೆದಿದ್ದಾ?"

ಇಷ್ಟು ವರ್ಷ ಅದನ್ನು ನಾನು ನೋಡಿರಲಿಲ್ಲ. ಇಬ್ಬರೂ ಹೋಗಿ ಹಳೇ ರಿಜಿಸ್ಟರ್ ತೆಗೆದೆವು. ಆಸ್ಪತ್ರೆಯದು ಜೆಲ್ ಇರುವ ಹಳದಿ ಮುಚ್ಚಳ, ನಮ್ಮದು ಕೆಂಪು.